ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ ಸಿಗರೇಟು ಬಿಡುವುದು

ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಊರಿನಲ್ಲಿ ಹೊಗೆಸೊಪ್ಪು ಬೆಳೆಯದ ಮನೆಗಳು ಕಡಿಮೆ. ಮಗ ಸಿಗರೇಟು ಸೇದುತ್ತಾನೆಂದು ತಿಳಿದಾಗ ತಲೆ ತಗ್ಗಿಸದ ಮನೆಗಳು ಇನ್ನೂ ಕಡಿಮೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲಿ ಮಳೆಯನ್ನೇ ನೆಚ್ಚಿ ಬೆಳೆಯುವುದು ಸಿಗರೇಟಿಗೆ ಬೇಕಾದ ವರ್ಜೀನಿಯಾ ತಂಬಾಕು. ನನ್ನ ಕಾಲೇಜಿನ ಶುಲ್ಕ, ಅಕ್ಕನ ಮದುವೆ, ಹೆಂಚು ತೆಗೆಸಿ ಹಾಕಿಸಿದ ತಾರಸಿ, ಎಲ್ಲವೂ ಹರಾಜು ಮಾರುಕಟ್ಟೆಯಲ್ಲಿ ತೂಗಿದ ಬೇಲುಗಳ ದುಡ್ಡಿನಿಂದಲೇ ಆದವು. ಅಪ್ಪ ಮಾತ್ರ ಬೀಡಿ, ಸಿಗರೇಟು ಮುಟ್ಟಿದವನಲ್ಲ. ಎಲೆಯಡಿಕೆ ಹಾಕುವಾಗಲೂ ಹೊಗೆಸೊಪ್ಪು ಸೇರಿಸಿಕೊಂಡವನಲ್ಲ. ಸೇದಿದವನು ನಾನು. ಮೈಸೂರಿನಲ್ಲಿ ಪದವಿ ಓದುವಾಗ ಅಂಟಿದ ಚಟ ಮೇಷ್ಟ್ರ ಕೆಲಸ ಸಿಕ್ಕಿದ ಮೇಲೂ, ಮಕ್ಕಳಾದ ಮೇಲೂ ನನ್ನನ್ನು ಬಿಟ್ಟಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಪ್ಪನ ಕೆಮ್ಮು ಹೆಚ್ಚಾಗಿ, ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರತೊಡಗಿದಾಗ ಮೈಸೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಯಂತ್ರದೊಳಕ್ಕೆ ಜೋರಾಗಿ ಊದಿಸುವ ಪರೀಕ್ಷೆ ಮಾಡಿಸಿದ ವೈದ್ಯರು ಫಲಿತಾಂಶದ ಹಾಳೆ ನೋಡುತ್ತಾ "ಎಷ್ಟು ವರ್ಷದಿಂದ ಸೇದ್ತಿದೀರಿ?" ಎಂದು ಕೇಳಿದರು. ಅಪ್ಪ "ಸೇದಿಲ್ಲ ಸಾರ್, ಬೆಳೆದಿದೀನಿ" ಎಂದ. ಶ್ವಾಸನಾಳಗಳು ಕಿರಿದಾಗುವ ಈ ಕಾಯಿಲೆ ಸಿಗರೇಟಿನಿಂದಷ್ಟೇ ಅಲ್ಲ, ವರ್ಷಗಟ್ಟಲೆ ಕುಡಿದ ಸೌದೆ ಹೊಗೆಯಿಂದಲೂ ಬರುತ್ತದೆಂದು ವೈದ್ಯರು ವಿವರಿಸಿ, ಮನೆಯಲ್ಲಿ ಬೇರೆ ಯಾರಾದರೂ ಸೇದುತ್ತಾರೆಯೇ ಎಂದು ವಿಚಾರಿಸಿದರು. ಅಪ್ಪ ನನ್ನ ಕಡೆ ತಿರುಗಲಿಲ್ಲ, ಗೋಡೆ ನೋಡುತ್ತಾ ಕುಳಿತ. ನಾನೇ ಹೇಳಿದೆ. ಇನ್ನು ಮುಂದೆ ಈ ಎದೆಗೆ ಯಾವ ಕಡೆಯಿಂದಲೂ ಹೊಗೆ ತಾಗಬಾರದು ಎಂದಷ್ಟೇ ಅವರು ಹೇಳಿ ಚೀಟಿ ಬರೆದುಕೊಟ್ಟರು. ಬಯ್ದಿದ್ದರೆ ಎಂದಿನಂತೆ ನನ್ನೊಳಗೆ ಒಂದು ವಾದ ಹುಟ್ಟಿಕೊಳ್ಳುತ್ತಿತ್ತು, ಅವರು ಬಯ್ಯಲಿಲ್ಲ.

ಹಾಗಾಗಿ ಆಗಸ್ಟಿನಲ್ಲಿ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್‌ಗೆ ಬೆಂಕಿ ಹಾಕುವ ಕೆಲಸವನ್ನು ಅಪ್ಪನಿಂದ ಬಿಡಿಸಿ ನಾನೇ ನಿಂತು ಮಾಡುವುದೆಂದು ರಜೆ ಹಾಕಿ ಊರಿಗೆ ಬಂದೆ. ಸಿಗರೇಟು ಬಿಟ್ಟು ಇನ್ನೂ ವಾರ ತುಂಬಿರಲಿಲ್ಲ. ಸೊಪ್ಪು ಬೇಯಿಸುವುದೆಂದರೆ ಏನೆಂದು ನೋಡದವರಿಗಾಗಿ ಇಷ್ಟು ಹೇಳಬೇಕು. ಹೊಲದಲ್ಲಿ ಮುರಿದು ತಂದ ಹಸಿ ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ, ಎತ್ತರದ ಬ್ಯಾರನ್ ಒಳಗೆ ಸಾಲು ಸಾಲಾಗಿ ನೇತುಹಾಕಿ, ಹೊರಗಡೆಯ ಒಲೆಗೆ ಸೌದೆ ಒಡ್ಡಿ, ಒಳಗೆ ಹಾಯ್ದಿರುವ ತಗಡಿನ ಕೊಳವೆಗಳ ಮೂಲಕ ಶಾಖ ಹರಿಸುತ್ತೇವೆ. ಹೊಗೆ ಚಿಮಣಿಯಿಂದ ಆಚೆ ಹೋಗಬೇಕು, ಎಲೆಗೆ ತಾಗುವುದು ಶಾಖ ಮಾತ್ರ. ಮೊದಲಿಗೆ ಸುಮಾರು 35 ಡಿಗ್ರಿಯಲ್ಲಿ ಎಲೆ ಹಳದಿಗೆ ತಿರುಗುತ್ತದೆ. ಆಮೇಲೆ ಹಂತಹಂತವಾಗಿ ಏರಿಸುತ್ತಾ ಕಡೆಗೆ 70 ಡಿಗ್ರಿಯ ಹತ್ತಿರ ತಂದು ನಡುವಿನ ದಂಟನ್ನು ಒಣಗಿಸಬೇಕು. ಇಷ್ಟಕ್ಕೆ 5ರಿಂದ 7 ದಿನ ಬೇಕು. ಬೆಂಕಿ ಜೋರಾದರೆ ಎಲೆ ಕಂದಿ ಗ್ರೇಡು ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆದ್ದರಿಂದ ರಾತ್ರಿಯಿಡೀ ಒಬ್ಬರು ಎಚ್ಚರವಿರಲೇಬೇಕು.

ಆ ರಾತ್ರಿ ಜಡಿಮಳೆ ಹಿಡಿದಿತ್ತು. ಒಲೆಯ ಬಾಯಿ ಎದುರು ಗೋಣಿಚೀಲ ಹಾಸಿಕೊಂಡು ಕುಳಿತಿದ್ದ ನನಗೆ ಹತ್ತು ಗಂಟೆಯ ಹೊತ್ತಿಗೆ ಕೈಗಳು ನನ್ನವಲ್ಲವೆನ್ನುವಂತಾಯಿತು. ಜೇಬು ಖಾಲಿಯೆಂದು ಗೊತ್ತಿದ್ದೂ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದೆ. ಹಣೆಯ ಎರಡು ಬದಿ ಹಿಂಡಿದಂತೆ, ಹೊಟ್ಟೆ ಹಸಿದಂತೆ, ಆದರೆ ಊಟ ಬೇಡವೆನಿಸುವಂತೆ; ಕಾರಣವಿಲ್ಲದೆ ಯಾರ ಮೇಲಾದರೂ ರೇಗಬೇಕೆನ್ನುವ ಕೋಪ. ನಿಕೋಟಿನ್ ರಕ್ತದಲ್ಲಿ ಎರಡು ಗಂಟೆಯೊಳಗೆ ಅರ್ಧಕ್ಕರ್ಧ ಇಳಿಯುತ್ತದೆ, ದೇಹದಿಂದ ಅದು ಹೊರಟುಹೋದ ಮೊದಲ ಕೆಲವು ದಿನಗಳೇ ಅತಿ ಕಠಿಣ ಎಂದು ನನಗೆ ಮೊದಲೇ ಹೇಳಿದ್ದರು. ಹೇಳಿಸಿಕೊಂಡದ್ದಕ್ಕೂ ಅನುಭವಿಸುವುದಕ್ಕೂ ಬಹಳ ಅಂತರವಿದೆ. ವೈದ್ಯರು ಕೊಟ್ಟಿದ್ದ ನಿಕೋಟಿನ್ ಗಮ್ಮನ್ನು ನಾನು ಮೊದಮೊದಲು ಸಾಧಾರಣ ಚೂಯಿಂಗ್ ಗಮ್ಮಿನಂತೆ ಜಗಿದು ಬಿಕ್ಕಳಿಕೆ ಬರಿಸಿಕೊಳ್ಳುತ್ತಿದ್ದೆ. ನಿಧಾನವಾಗಿ ಕೆಲವು ಸಲ ಜಗಿದು, ಖಾರ ಎದ್ದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟು, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಹಾಗೆ ಮಾಡಿದಾಗ ಆಸೆಯ ಒಂದು ಅಲೆ ಕೆಲವೇ ನಿಮಿಷಗಳಲ್ಲಿ ಇಳಿಯುತ್ತಿತ್ತು. ಆ ನಿಮಿಷಗಳು ಉದ್ದವಾಗಿದ್ದವು, ಆದರೆ ಮುಗಿಯುತ್ತಿದ್ದವು.

ನನ್ನ ಜೊತೆ ಸೌದೆ ಒಡ್ಡಲು ಕೂತಿದ್ದವನು ವರ್ಷಗಳಿಂದ ನಮ್ಮ ಹೊಲಕ್ಕೆ ಕೂಲಿಗೆ ಬರುವವನು. ನನ್ನ ಚಡಪಡಿಕೆ ನೋಡಲಾರದೆ ಕಿವಿಯ ಮೇಲಿದ್ದ ಬೀಡಿ ತೆಗೆದು ನನ್ನ ಕಡೆ ಚಾಚಿ, "ಒಂದ್ ದಮ್ ಎಳ್ಕೊಳಿ ಮೇಷ್ಟ್ರೇ, ನಿದ್ದೆ ಹಾರೋಯ್ತದೆ" ಎಂದ. ಅದರಲ್ಲಿ ಕೆಟ್ಟತನ ಎಳ್ಳಷ್ಟೂ ಇರಲಿಲ್ಲ, ಇದ್ದುದು ಪ್ರೀತಿ. ಬೇಡವೆಂದಾಗ ಅವನು ಎದ್ದು ಮಳೆಯಲ್ಲೇ ಚಪ್ಪರದ ಆ ತುದಿಗೆ ಹೋಗಿ ಸೇದಿ ಬಂದ. ಅಂದು ಬೆಳಿಗ್ಗೆ ಮಳೆ ನೀರು ಇಳಿಯುತ್ತಿದ್ದ ಸೊಪ್ಪನ್ನು ಎದೆಗವಚಿ ಹೊತ್ತು ಮಧ್ಯಾಹ್ನದ ವೇಳೆಗೆ ಅವನ ಹೆಂಡತಿ ತಲೆ ತಿರುಗಿ ವಾಂತಿ ಮಾಡಿಕೊಂಡಿದ್ದಳು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ರಕ್ತಕ್ಕಿಳಿಯುತ್ತದೆ. ತಂಬಾಕು ಹೊಲಗಳಲ್ಲಿ ದುಡಿಯುವವರನ್ನು ಕಾಡುವ ತಿಳಿದ ಕಾಯಿಲೆಯೇ ಅದು. ನಮ್ಮೂರಿನಲ್ಲಿ ಅದಕ್ಕೆ "ಸೊಪ್ಪು ತಲೆಗೇರ್ತು" ಎಂದು ಹೇಳಿ, ಒಂದು ಲೋಟ ಮಜ್ಜಿಗೆ ಕೊಟ್ಟು ಮಲಗಿಸುತ್ತಾರೆ.

ನಡುರಾತ್ರಿಯ ಹೊತ್ತಿಗೆ ಬ್ಯಾರನ್ ಬಾಗಿಲ ಸಂದಿಯಿಂದ ಸಿಹಿ ವಾಸನೆ ಬರತೊಡಗಿತು. ಬಾಲ್ಯದಿಂದ ನನಗೆ ಅತ್ಯಂತ ಇಷ್ಟವಾದ ವಾಸನೆಗಳಲ್ಲೊಂದು ಅದು. ಎಲೆ ಹಳದಿಯಾಗುವ ಹೊತ್ತಿನಲ್ಲಿ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಅಪ್ಪನ ಕೈಗುಣವೆಂದು ಊರೆಲ್ಲಾ ಹೊಗಳುವುದು ಈ ಹಂತವನ್ನೇ: ಎಷ್ಟು ಹೊತ್ತು ಹಳದಿಗೆ ಬಿಡಬೇಕು, ಯಾವಾಗ ಕಿಂಡಿ ತೆರೆದು ತೇವ ಬಿಡಬೇಕು ಎನ್ನುವ ಅಂದಾಜು. ಆದರೆ ಆ ಸಕ್ಕರೆಯೇ ಹೊಗೆಯನ್ನು ಆಮ್ಲೀಯವಾಗಿಸಿ ಗಂಟಲಿಗೆ ಮೆದುವಾಗಿಸುತ್ತದೆ. ಚುಟ್ಟದ ಒರಟು ಹೊಗೆಯನ್ನು ಸೇದುವವನು ಬಾಯಲ್ಲೇ ಇಟ್ಟುಕೊಂಡು ಬಿಡುತ್ತಾನೆ. ಸಿಗರೇಟಿನ ಹೊಗೆಯನ್ನು ಎದೆಯಾಳಕ್ಕೆ ಎಳೆದುಕೊಳ್ಳಬಹುದು, ಅಲ್ಲಿಂದ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಪ್ಪ ನಿದ್ದೆಗೆಟ್ಟು ಎಲೆಗೆ ಬರಿಸಿದ ಸಿಹಿಯೇ ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿತ್ತು ಎನ್ನುವುದು ಓದಿ ತಿಳಿದಿದ್ದರೂ, ಆ ವಾಸನೆಯಲ್ಲಿ ಕುಳಿತು, ಬಾಯಲ್ಲಿ ಗಮ್ಮಿಟ್ಟುಕೊಂಡು ಯೋಚಿಸಿದಾಗ ಮೈ ನಡುಗಿತು.

ಸಿಗರೇಟು ಸೇದುವುದು ನೀತಿಯ ಪ್ರಶ್ನೆಯೇ ಎಂದು ಶಿಕ್ಷಕರ ಕೊಠಡಿಯಲ್ಲಿ ನಾವು ಎಷ್ಟೋ ಸಲ ಚರ್ಚಿಸಿದ್ದೇವೆ. ನನ್ನ ದೇಹ, ನನ್ನ ದುಡ್ಡು, ನನ್ನ ಇಷ್ಟ ಎನ್ನುವ ವಾದವನ್ನು ನಾನೂ ಬಹಳ ಗಟ್ಟಿಯಾಗಿ ಮಂಡಿಸುತ್ತಿದ್ದೆ. 2003ರ ಕಾಯ್ದೆ ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದೆನ್ನುತ್ತದೆ. ನಾನು ಆ ಗೆರೆ ದಾಟಿ ಟೀ ಅಂಗಡಿಗೆ ಹೋಗಿ ಸೇದಿ, ಏಲಕ್ಕಿ ಜಗಿದು ತರಗತಿಗೆ ಮರಳುತ್ತಿದ್ದೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದಕ್ಕೆ ಬಿಗಿಯಾದ ನಿಯಮಗಳು ಬಂದಾಗ ಬಸ್ ನಿಲ್ದಾಣದಲ್ಲಿ ಸೇದುವುದನ್ನು ನಿಲ್ಲಿಸಿದೆ. ಕಾನೂನು ಬಸ್ ನಿಲ್ದಾಣದ ಅಪರಿಚಿತರನ್ನು ನನ್ನ ಹೊಗೆಯಿಂದ ಕಾಪಾಡಿತು. ನನ್ನ ಮನೆಯ ನಡುಮನೆಯಲ್ಲಿ ಕುಳಿತ ಅಪ್ಪನನ್ನು, ಮಕ್ಕಳನ್ನು ಕಾಪಾಡಲು ಯಾವ ಕಾನೂನೂ ಬರಲಿಲ್ಲ, ಅದು ನನಗೇ ಬಿಟ್ಟ ವಿಷಯವಾಗಿತ್ತು. ನೀತಿಯ ಪ್ರಶ್ನೆ ಶುರುವಾಗುವುದು ಅಲ್ಲಿಂದ ಎಂದು ನನ್ನ ನಂಬಿಕೆ.

ಹಾಗೆಂದು ಸೇದುವವನನ್ನು ಚಾರಿತ್ರ್ಯಹೀನನೆಂದು ಕರೆಯುವವರ ಜೊತೆ ನಾನು ನಿಲ್ಲಲಾರೆ. ನಾಚಿಕೆ ನನ್ನನ್ನು ಬಿಡಿಸಲಿಲ್ಲ, ಕದ್ದು ಸೇದುವುದನ್ನು ಕಲಿಸಿತು. ಮನಸ್ಸು ಗಟ್ಟಿ ಮಾಡಿದರೆ ಸಾಕು ಎನ್ನುವವರು ಮಿದುಳು ಒಂದು ರಾಸಾಯನಿಕಕ್ಕೆ ಒಗ್ಗಿಹೋದ ಸ್ಥಿತಿಯನ್ನು ಅರಿಯರು. ಮನಸ್ಸು ಬೇಕು, ಅದರ ಜೊತೆಗೆ ಔಷಧಿ ಬೇಕು, ಮಾತಾಡಿಸುವವರು ಬೇಕು. 2018ರಿಂದ ಪ್ಯಾಕಿನ ಮೇಲೆ ಮುದ್ರಿಸುತ್ತಿರುವ 1800-11-2356 ಸಂಖ್ಯೆಯನ್ನು ನಾನು ವರ್ಷಗಟ್ಟಲೆ ಹೆಬ್ಬೆರಳಿನಡಿ ಒತ್ತಿಹಿಡಿದೇ ಪ್ಯಾಕು ಬಿಚ್ಚಿದ್ದೇನೆ. ಬಿಡುವ ದಿನ ಅದೇ ಸಂಖ್ಯೆಗೆ ಕರೆ ಮಾಡಿದಾಗ ಆ ಕಡೆಯವರು ಕನ್ನಡದಲ್ಲಿ, ಆತುರವಿಲ್ಲದೆ, ದಿನದ ಮೊದಲ ಸಿಗರೇಟು ಎದ್ದ ಎಷ್ಟು ಹೊತ್ತಿಗೆ ಸೇದುತ್ತೀರಿ ಎಂದು ಕೇಳಿದರು. ಯಾಕೆ ಸೇದುತ್ತೀರಿ ಎಂದು ಕೇಳಲಿಲ್ಲ. ಆ ವ್ಯತ್ಯಾಸ ಚಿಕ್ಕದಲ್ಲ.

ಬೆಳಗಿನ ಜಾವ ಅಪ್ಪ ಟವೆಲ್ಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬಂದು, ಒಲೆಯಿಂದ ದೂರದಲ್ಲೇ ನಿಂತು ಶಾಖ ಎಷ್ಟಿದೆಯೆಂದು ವಿಚಾರಿಸಿದ. ಹೇಳಿದೆ. ರಾತ್ರಿಯೆಲ್ಲಾ ತಲೆಯಲ್ಲಿದ್ದ ಮಾತು ಬಾಯಿಗೆ ಬಂತು. "ಅಪ್ಪ, ಇದನ್ನ ಬೆಳೆಯೋದು ತಪ್ಪು ಅನ್ಸಲ್ವಾ ನಿಂಗೆ?" ಅವನು ತಕ್ಷಣ ಉತ್ತರಿಸಲಿಲ್ಲ. ಒಂದು ಸೌದೆಯನ್ನು ಕಾಲಿನಿಂದ ಒಲೆಯ ಕಡೆ ಸರಿಸಿದ. "ತಪ್ಪು ಅಂದ್ರೆ ತಪ್ಪೇ ಕಣಪ್ಪ. ನನ್ ಸೊಪ್ಪು ಯಾವ ದೇಶಕ್ಕೆ ಹೋಯ್ತದೋ, ಯಾರ್ ಸೇದ್ತಾರೋ ನಂಗೆ ಕಾಣಾಕಿಲ್ಲ. ನೀನು ಸೇದಿದ್ದನ್ನ ಮಾತ್ರ ನಾನೇ ಕುಡಿದಿದೀನಿ, ಇದೇ ಮನೇಲಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನ ಮಾತಿನ ಮೊದಲ ಭಾಗ ನಿಜವೇ. ನಮ್ಮ ಕಡೆಯ ತಂಬಾಕಿನ ಬಹುಪಾಲು ರಫ್ತಾಗುತ್ತದೆ. ಕಣ್ಣಿಗೆ ಕಾಣದ ಎದೆಗಳಿಗೂ ನೋವಿರುತ್ತದೆ ಎಂದು ಅವನಿಗೆ ಹೇಳಬಹುದಿತ್ತು. ಆದರೆ ತಂಬಾಕು ಮಂಡಳಿಯ ಪರವಾನಗಿ, ಅದನ್ನು ನೋಡಿ ಬ್ಯಾಂಕು ಕೊಡುವ ಸಾಲ, ಹರಾಜಿನ ಮೇಲೆ ಇರುವ ಭರವಸೆ, ಇವು ಮುಸುಕಿನ ಜೋಳಕ್ಕೆ ಇಲ್ಲ; ಶುಂಠಿ ಹಾಕಿ ಒಂದು ವರ್ಷ ಎದ್ದವರು ಮರುವರ್ಷ ಬಿದ್ದದ್ದನ್ನು ಊರು ನೋಡಿದೆ. ಆ ಬೆಳೆಯ ಅನ್ನ ಉಂಡು ಓದಿ, ತಿಂಗಳ ಸಂಬಳದ ನೆಲೆಯಲ್ಲಿ ನಿಂತಿರುವ ನಾನು, ಅವನ ನೆಲದ ಬಗ್ಗೆ ತೀರ್ಪು ಕೊಡುವ ಮೊದಲು ಈ ಬೆಳೆ ಬಿಟ್ಟರೆ ಆಗುವ ನಷ್ಟದಲ್ಲಿ ನನ್ನ ಪಾಲೆಷ್ಟು ಎಂದು ಹೇಳಬೇಕಾಗುತ್ತದೆ.

ಅದನ್ನೇ ನಾವು ಈಗ ಮಾತಾಡುತ್ತಿದ್ದೇವೆ. ಆ ಸಲದ ಸೊಪ್ಪಿಗೆ ಒಳ್ಳೆಯ ಬಣ್ಣ ಬಂತು, ಬೇಲುಗಳು ಮಾರುಕಟ್ಟೆಗೆ ಹೋದವು. ಅಪ್ಪ ಬ್ಯಾರನ್ ಹತ್ತಿರ ಸುಳಿಯುವುದನ್ನು ಬಿಟ್ಟಿದ್ದಾನೆ, ನಾನು ಸಿಗರೇಟು ಬಿಟ್ಟಿದ್ದೇನೆ. ಟೀ ಕುಡಿದ ಮೇಲೆ ಈಗಲೂ ಕೈ ಜೇಬಿಗೆ ಹೋಗುತ್ತದೆ. ಕೂಲಿಯವರಿಗೆ ತೋಳು ಮುಚ್ಚುವ ಅಂಗಿ, ಕೈಗವಸು ಕೊಡದೆ ಒದ್ದೆ ಸೊಪ್ಪು ಮುರಿಸಬಾರದೆಂದು ತಮ್ಮನೂ ಒಪ್ಪಿದ್ದಾನೆ. ಮುಂದಿನ ಮೇ ತಿಂಗಳಲ್ಲಿ ಎಷ್ಟು ಜಾಗಕ್ಕೆ ಸಸಿ ನೆಡಬೇಕು, ಉಳಿದದ್ದಕ್ಕೆ ರಾಗಿಯೋ ಜೋಳವೋ, ಕಡಿಮೆ ಬೀಳುವ ದುಡ್ಡಿನಲ್ಲಿ ನಾನೆಷ್ಟು ತುಂಬಬೇಕು ಎನ್ನುವ ಲೆಕ್ಕವನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ಅಪ್ಪ ಇನ್ನೂ ಒಪ್ಪಿಲ್ಲ, ಬೇಡವೆಂದೂ ಹೇಳಿಲ್ಲ.