ಹಳೇ ಶರ್ಟಿನ ಜೇಬು

ಬೆಳಿಗ್ಗೆ ಹಳೇ ಶರ್ಟು ಒಗೆಯೋಕೆ ಹಾಕುವಾಗ ಜೇಬಲ್ಲಿ ಬಾರ್ ಬಿಲ್ ಸಿಕ್ಕಿತು. ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿದೆ, ಆದರೂ ಐದು ಜನ ಕುಡಿದ ಲೆಕ್ಕ ಹಾಗೇ ಇದೆ. ದುಡ್ಡು ಕೊಟ್ಟವನು ನಾನೊಬ್ಬನೇ.

ಅವತ್ತು ಹೆಗಲ ಮೇಲೆ ಕೈ ಹಾಕಿ "ನಿನಗೋಸ್ಕರ ಪ್ರಾಣ ಕೊಡ್ತೀವಿ ಮಗಾ" ಅಂದಿದ್ದರು. ಕೆಲಸ ಹೋಗಿ ಆಸ್ಪತ್ರೆಯಲ್ಲಿ ಮಲಗಿದಾಗ ಒಬ್ಬನೂ ಫೋನ್ ಎತ್ತಲಿಲ್ಲ. ನಡುಗುತ್ತಿದ್ದ ನನ್ನ ಕೈ ಹಿಡಿದು ನೀರು ಕುಡಿಸಿದ್ದು, ಕುಡಿದಾಗೆಲ್ಲ ನಾನು ಬೈದು ಅಳಿಸಿದ್ದ ಹೆಂಡತಿ.

ಅಂಥ ಗೆಳೆಯರನ್ನು ನಂಬಬೇಡಿ, ಕುಡಿತ ಬಿಡಿ. ಆದರೆ ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಕೂಡ ಬರಬಹುದು, ಅದಕ್ಕೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಎಷ್ಟು ಕುಡಿಯುತ್ತೀರಿ ಅಂತ ನಿಜ ಹೇಳಿ.

ಬಿಲ್ಲನ್ನು ಅವಳಿಗೆ ತೋರಿಸಿದೆ. ಏನೂ ಅನ್ನಲಿಲ್ಲ, ಸುಮ್ನೆ ಶರ್ಟನ್ನು ಬಕೆಟ್ಟಿಗೆ ಹಾಕಿದಳು.