ಉತ್ತರಿ ಮಳೆಯಲ್ಲಿ ಗದಗ

ಗದಗ ನೋಡಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ ಮಾತು. ಡಿಸೆಂಬರ್‌ನಲ್ಲಿ ಹೋಗ್ರಿ, ಬಿಸಿಲಿರಲ್ಲ, ಲಕ್ಕುಂಡಿ ಆರಾಮಾಗಿ ಆಗುತ್ತದೆ. ಶಾಲೆಯವರು ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಬರುವುದೂ ಆಗಲೇ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಗೆ ಹೋಗಿ ಅನ್ನುತ್ತೇನೆ. ಉತ್ತರಿ ಮಳೆ ಮುಗಿಯುತ್ತಾ ಬಂದು ಹಸ್ತಿ ಮಳೆ ಹಿಡಿಯುವ ಹೊತ್ತು. ನೆನೆಯಬೇಕಾಗುತ್ತದೆ, ಕಾಲಿಗೆ ಕೆಸರು ಮೆತ್ತುತ್ತದೆ. ಆದರೂ ಆಗಲೇ ಹೋಗಬೇಕು.

ಈ ಸಲ ಹೋಗಿದ್ದು ನಾನು ಮತ್ತು ನಮ್ಮ ಅತ್ತಿ, ಇಬ್ಬರೇ. ಧಾರವಾಡದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಪರೀಕ್ಷೆ ಇಲ್ಲದ ದಿನ ಗಿರಾಕಿ ಕಡಿಮೆ, ಹುಡುಗನಿಗೆ ಬಿಟ್ಟು ಬರಬಹುದು. ಅತ್ತಿಯ ತವರು ಬೆಟಗೇರಿ. ಗದಗ-ಬೆಟಗೇರಿ ಅವಳಿ ನಗರ, ನಮ್ಮ ಹುಬ್ಬಳ್ಳಿ-ಧಾರವಾಡದ ಹಾಗೆ. ಆದರೆ ನಮ್ಮಂತೆ ನಡುವೆ ಅಷ್ಟು ದೂರ ಇಲ್ಲ, ರೈಲ್ವೆ ಸ್ಟೇಷನ್ ಆಚೆ ಒಂದು, ಈಚೆ ಒಂದು. ಅತ್ತಿಯ ತಮ್ಮ, ನಮ್ಮ ಮಾಮಾ, ಈಗಲೂ ಬೆಟಗೇರಿಯಲ್ಲೇ ಇದ್ದಾರೆ.

ರೈಲು ಹುಬ್ಬಳ್ಳಿ ಬಿಟ್ಟು ಕುಸುಗಲ್ ದಾಟಿದರೆ ಸಾಕು, ನೆಲದ ಬಣ್ಣವೇ ಬೇರೆ. ಕರ್ರಗಿನ ಎರಿ ಹೊಲ, ಕಣ್ಣು ಹಾಯುವವರೆಗೂ ಬಯಲು. ಹೆಸರು ಬೆಳೆ ಕಿತ್ತಾಗಿತ್ತು. ಕೆಲವು ಹೊಲ ಹರಗಿ ಹಸನು ಮಾಡಿ ಇಟ್ಟಿದ್ದರು, ಹಿಂಗಾರಿ ಜೋಳಕ್ಕೆ. ನಾನು ಕಿಟಕಿಯಲ್ಲಿ ಮೋಡ ನೋಡುತ್ತಿದ್ದರೆ ಅತ್ತಿ ನೆಲ ನೋಡುತ್ತಿದ್ದರು. ‘ಹದ ಛಲೋ ಬಿದ್ದೈತಿ ನೋಡವಾ. ಇನ್ನೊಂದು ಹಸ್ತಿ ಮಳಿ ಆತಂದ್ರ ಕಡ್ಲಿಗೂ ಚಿಂತಿಲ್ಲ’ ಅಂದರು. ಹೊಲ ಬಿಟ್ಟು ಧಾರವಾಡದ ಮನೆ ಸೇರಿ ಎಷ್ಟೋ ವರ್ಷ ಆದರೂ ಅವರ ಕ್ಯಾಲೆಂಡರ್ ಮಾತ್ರ ನಕ್ಷತ್ರದ್ದೇ. ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ. ಮಘಿ, ಹುಬ್ಬಿ, ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ ಅಂತ ಬೆರಳ ಮೇಲೆ ಎಣಿಸುತ್ತಾರೆ. ನಾನು ಮೊಬೈಲ್‌ನಲ್ಲಿ ಹವಾಮಾನ ನೋಡಿದರೆ ನಗುತ್ತಾರೆ.

ದಾರಿಯಲ್ಲಿ ಅಣ್ಣಿಗೇರಿ ಸಿಗುತ್ತದೆ, ಪಂಪನ ಊರು. ಅಲ್ಲಿನ ಅಮೃತೇಶ್ವರ ಗುಡಿಗೆ ಇನ್ನೊಮ್ಮೆ ಇಳಿದರಾಯಿತು ಅಂದುಕೊಂಡೆ. ಇತ್ತ ಹುಬ್ಬಳ್ಳಿ ತಾಲೂಕಿನ ಕೋಳಿವಾಡ ಕುಮಾರವ್ಯಾಸನ ಊರು. ಹುಬ್ಬಳ್ಳಿಯಿಂದ ಗದಗಿಗೆ ಅರವತ್ತು ಕಿಲೋಮೀಟರ್ ಕೂಡ ಇಲ್ಲ. ಅಷ್ಟರಲ್ಲಿ ಕನ್ನಡಕ್ಕೆ ಎರಡು ಭಾರತ ಕೊಟ್ಟವರ ಊರುಗಳು ಬಂದು ಹೋಗುತ್ತವೆ. ಇಷ್ಟಾದರೂ ನಮ್ಮ ಕಡೆಯವರು ಊರು ನೋಡಲು ಮೈಸೂರಿಗೇ ಹೋಗುತ್ತಾರೆ, ಇರಲಿ.

ಈಗ ಮಳೆಯ ವಿಷಯ. ಧಾರವಾಡದಲ್ಲಿ ಮಳೆಗಾಲ ಅಂದರೆ ಜೂನ್-ಜುಲೈ. ಜಿಟಿಜಿಟಿ ಹಿಡಿದರೆ ಬಿಡುವ ಹಾಗಿಲ್ಲ, ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು. ಅದೇ ಹೊತ್ತಿಗೆ ಗದಗದಲ್ಲಿ ಬರೀ ಗಾಳಿ. ಪಡುವಣ ಗಾಳಿ ತನ್ನ ನೀರನ್ನೆಲ್ಲ ಸಹ್ಯಾದ್ರಿಗೆ ಸುರಿದು, ಉಳಿದದ್ದನ್ನು ನಮಗೆ ಚಿಮುಕಿಸಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ಖಾಲಿ ಆಗಿರುತ್ತದೆ. ಮೋಡ ಬರುತ್ತವೆ, ಹೋಗುತ್ತವೆ. ಸೆಪ್ಟೆಂಬರ್ ಬಂದ ಮೇಲೆ ಆ ಗಾಳಿಯ ಜೋರು ಇಳಿಯುತ್ತದೆ. ಬೆಳಗ್ಗೆ ಸುಡುವ ಬಿಸಿಲು, ಮಧ್ಯಾಹ್ನ ಮೂರಕ್ಕೆ ಕರಿ ಮೋಡ ಎದ್ದು ನಿಲ್ಲುತ್ತದೆ, ಗುಡುಗು, ಸಿಡಿಲು, ಒಂದೆರಡು ತಾಸು ಧೋ ಅಂತ ಹೊಡೆದು ಬಿಡುತ್ತದೆ. ಆ ಭಾಗಕ್ಕೆ ಮಳೆ ಜಾಸ್ತಿ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಗಾಲ ಮುಗಿಯಿತು ಅಂತ ನಾವು ಕೊಡೆ ಮಡಚಿಡುವಾಗ ಗದಗದ ಮಳೆ ಶುರು. ನಾನು ಈ ಕಾಲ ಹಿಡಿಯುವುದು ಇದಕ್ಕೇ. ಬೆಳಗ್ಗೆ ಒಂದು ಊರು, ಸಂಜೆ ಬೇರೆಯೇ ಒಂದು ಊರು ನೋಡಲು ಸಿಗುತ್ತದೆ.

ಮೊದಲು ವೀರನಾರಾಯಣ ಗುಡಿ. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ್ದು ಅಂತ ಪ್ರತೀತಿ, ಮುಂದಿನ ಗೋಪುರ ವಿಜಯನಗರದ ಕಾಲದ ಧಾಟಿಯದು. ಆದರೆ ಜನ ಬರುವುದು ಒಂದು ಕಂಬಕ್ಕಾಗಿ. ಆ ಕಂಬಕ್ಕೆ ಒರಗಿ ಕುಮಾರವ್ಯಾಸ ಭಾರತ ಬರೆದ ಅನ್ನುತ್ತಾರೆ. ಗುಡಿಯ ಕೋನೇರಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು ಕೂತು, ಬಟ್ಟೆ ಆರುವವರೆಗೆ ಮಾತ್ರ ಬರೆಯುತ್ತಿದ್ದ, ಆರಿದ ಕೂಡಲೇ ನಿಲ್ಲಿಸುತ್ತಿದ್ದ ಎಂಬ ಕಥೆ ಎಲ್ಲರಿಗೂ ಗೊತ್ತು. ಅಂಗಳದ ಕಲ್ಲು ಹಿಂದಿನ ರಾತ್ರಿಯ ಮಳೆಗೆ ಇನ್ನೂ ಹಸಿ ಇತ್ತು. ನನ್ನ ಸೀರೆಯ ಅಂಚೂ ಹಸಿ. ಸುಮ್ನೆ ಲೆಕ್ಕ ಹಾಕಿದೆ. ಏಪ್ರಿಲ್ ಬಿಸಿಲಿಗೆ ಒದ್ದೆ ಪಂಚೆ ಎಷ್ಟು ಹೊತ್ತು ಹಸಿ ಇದ್ದೀತು? ಒಂದೆರಡು ಷಟ್ಪದಿ ಆಗಬಹುದು, ಅಷ್ಟೇ. ಹತ್ತು ಪರ್ವ ಮುಗಿಸಬೇಕು ಅಂದರೆ ದೊಡ್ಡ ದೊಡ್ಡ ಯುದ್ಧಗಳನ್ನೆಲ್ಲ ಹಸ್ತಿ ಮಳೆಯಲ್ಲೇ ಬರೆದಿರಬೇಕು. ಅತ್ತಿಗೆ ಹೇಳಿದೆ. ಅವರು ಕಂಬವನ್ನೊಮ್ಮೆ ನೋಡಿ, ‘ಪಾಪ, ಅವಗ ನೆಗಡಿ ಆಗಿರಲಿಲ್ಲೇನು?’ ಅಂದರು. ಪಕ್ಕದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜ ನಕ್ಕುಬಿಟ್ಟ.

ತ್ರಿಕೂಟೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ ವಿಷ್ಣು ಮಹೇಶ್ವರ. ಅದೇ ಆವರಣದಲ್ಲಿ ಸರಸ್ವತಿ ಗುಡಿ ಇದೆ. ಇಲ್ಲಿನ ಕಂಬ ನೋಡದೆ ಬಂದರೆ ಹೋಗಿದ್ದೇ ದಂಡ. ಮೂರ್ತಿಗೆ ಪೆಟ್ಟು ಬಿದ್ದಿದೆ, ಕಂಬಗಳು ಮಾತ್ರ ಚಿನ್ನದ ಕೆಲಸದಷ್ಟು ಸಣ್ಣ. ಗದಗದವರು ಹೆಮ್ಮೆಯಿಂದ ಹೇಳುವ ಇನ್ನೊಂದು ಮಾತಿದೆ. ತ್ರಿಕೂಟೇಶ್ವರ, ವೀರನಾರಾಯಣ, ಜುಮ್ಮಾ ಮಸೀದಿ ಮೂರಕ್ಕೂ ಸೇರಿ ಒಂದೇ ಟ್ರಸ್ಟ್. ಮಾಮಾಗೆ ಅದು ಹೇಳುವಂಥ ಸಂಗತಿ ಅಂತಲೂ ಅನಿಸಿಲ್ಲ, ನಾನಾಗಿ ಕೇಳಿದ್ದಕ್ಕೆ ‘ಹೌದಲಾ’ ಅಂದರು.

ಮರುದಿನ ಲಕ್ಕುಂಡಿ. ಗದಗದಿಂದ ಹನ್ನೆರಡು ಕಿಲೋಮೀಟರ್, ಕೊಪ್ಪಳದ ರಸ್ತೆ. ಈಗ ನೋಡಿದರೆ ಒಂದು ಹಳ್ಳಿ. ಹಿಂದೆ ಲೊಕ್ಕಿಗುಂಡಿ ಅಂತ ದೊಡ್ಡ ಪಟ್ಟಣ, ನಾಣ್ಯ ಅಚ್ಚು ಹಾಕುವ ಟಂಕಸಾಲೆ ಇತ್ತು, ಹೊಯ್ಸಳ ಇಮ್ಮಡಿ ಬಲ್ಲಾಳ ಕೆಲಕಾಲ ರಾಜಧಾನಿ ಮಾಡಿಕೊಂಡಿದ್ದ. ನೂರೊಂದು ಗುಡಿ, ನೂರೊಂದು ಬಾವಿ ಅನ್ನುವುದು ಊರ ಮಾತು. ಮನೆಯ ಹಿತ್ತಲಿಗೆ ಗುಡಿಯ ಗೋಡೆ, ಗುಡಿಯ ಮಗ್ಗುಲಿಗೆ ದನದ ಕೊಟ್ಟಿಗೆ. ಹೆಸರಿನ ಹೊಟ್ಟು ರಸ್ತೆ ಬದಿ ಗುಡ್ಡೆ ಬಿದ್ದಿತ್ತು.

ಕಾಶಿ ವಿಶ್ವನಾಥ ಗುಡಿಯಲ್ಲಿ ಒಂದೇ ಜಗಲಿಯ ಮೇಲೆ ಎರಡು ಗರ್ಭಗುಡಿ, ಶಿವ ಒಂದು ಕಡೆ, ಎದುರಿಗೆ ಸೂರ್ಯ. ಬಾಗಿಲ ಚೌಕಟ್ಟಿನ ಕೆತ್ತನೆಯ ಫೋಟೊ ಎಲ್ಲರೂ ತೆಗೆಯುತ್ತಾರೆ, ನಾನೂ ತೆಗೆದೆ. ಆಮೇಲೆ ಬ್ರಹ್ಮ ಜಿನಾಲಯಕ್ಕೆ ಹೋದೆವು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ್ದು. ನನಗೆ ಈ ಹೆಣ್ಣುಮಗಳ ಮೇಲೆ ವಿಶೇಷ ಪ್ರೀತಿ, ಕಾರಣ ನನ್ನ ಕಸುಬು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳು ಅವಳು. ಓಲೆಗರಿಯ ಮೇಲೆ, ಕೈಬರಹದಲ್ಲಿ, ಸಾವಿರ ಪ್ರತಿ! ಮಳೆಗಾಲದಲ್ಲಿ ನನ್ನ ಅಂಗಡಿಯ ಕಾಗದ ತಂಪು ಹಿಡಿದು, ಎರಡೆರಡು ಹಾಳೆ ಅಂಟಿಕೊಂಡು ಹೋಗಿ ಮಷೀನ್ ಜಾಮ್ ಆಗುತ್ತದೆ. ಐವತ್ತು ಪ್ರತಿ ತೆಗೆಯುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿರುತ್ತದೆ. ಅವಳ ಬರಹಗಾರರು ಮಳೆಗಾಲದಲ್ಲಿ ಗರಿಗಳನ್ನು ಎಲ್ಲಿ ಇಡುತ್ತಿದ್ದರೋ.

ಜಿನಾಲಯದ ಮುಂದಿನ ಮಂಟಪ ಮೂರು ಕಡೆ ಬಯಲು. ನಾವು ಒಳಗೆ ಇರುವಾಗಲೇ ಮಳೆ ಬಂತು. ಇರುಚಲು ಒಳಗೆ ಹೊಡೆದು ಹೊರಸಾಲಿನ ಕಂಬಗಳು ನೆಂದವು. ಅಲ್ಲೇ ನಿಂತು ನೋಡಿದೆ. ಇವು ತಿರುಗಣಿಗೆ ಹಾಕಿ ಕಡೆದ ಕಂಬಗಳು. ಮೈತುಂಬ ದುಂಡನೆಯ ಉಂಗುರ, ಒಂದರ ಮೇಲೊಂದು. ಒಣಗಿದ್ದಾಗ ಬೂದಿ ಬಣ್ಣ, ಎಲ್ಲ ಉಂಗುರ ಒಂದೇ ಥರ ಕಾಣುತ್ತವೆ. ನೀರು ಬಿದ್ದ ಕಡೆ ಕಲ್ಲು ಹಸಿರುಗಪ್ಪು ಆಯಿತು, ಹೊಳಪು ಬಂತು. ಒಂದು ಹನಿ ಮೇಲಿನಿಂದ ಇಳಿದು ಬಂದು ಮೊದಲ ಉಂಗುರದ ಅಂಚಿಗೆ ಬಂದು ನಿಂತಿತು. ಕೆಳಗೆ ಬೀಳಲಿಲ್ಲ, ಅಂಚು ಹಿಡಿದು ಸುತ್ತ ಹರಿಯಿತು, ಇನ್ನೊಂದು ಹನಿ ಕೂಡಿದ ಮೇಲೆ ಕೆಳಗಿನ ಉಂಗುರಕ್ಕೆ ಇಳಿಯಿತು. ಹಾಗೆ ಇಳಿಯುತ್ತಾ ಹೋದಂತೆ ಒಂದೊಂದೇ ಗೆರೆ ಎದ್ದು ಕಂಡಿತು. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಬಿಸಿಲಲ್ಲಿ ಬಂದಾಗ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಾದಾಮಿಯದು ಮರಳುಗಲ್ಲು, ಅದರಲ್ಲಿ ಇಷ್ಟು ಸಣ್ಣ ಕೆಲಸ ಕಷ್ಟ. ಇದು ಬಳಪದ ಜಾತಿಯ ಮೆತ್ತನೆ ಕಲ್ಲು. ಉಳಿ ಹೇಳಿದಂತೆ ಕೇಳುತ್ತದೆ, ಉಜ್ಜಿದರೆ ಹೊಳೆಯುತ್ತದೆ.

ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ಬಸದಿಯಲ್ಲಿ ಬ್ರಹ್ಮ. ಅತ್ತಿ ಅವನಿಗೂ ಕೈ ಮುಗಿದರು.

ಮಳೆ ನಿಂತ ಮೇಲೆ ಮುಸುಕಿನ ಬಾವಿಗೆ ನಡೆದೆವು. ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡೇ ಇದೆ. ಮೂರು ಕಡೆ ಮೆಟ್ಟಿಲು, ಗೋಡೆಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಗೂಡುಗಳು, ಒಂದೊಂದೂ ಒಂದು ಸಣ್ಣ ಗುಡಿಯೇ. ಬೇಸಿಗೆಯಲ್ಲಿ ಬಂದಾಗ ನೀರು ತಳ ಸೇರಿ, ಮೆಟ್ಟಿಲೇ ಮೆಟ್ಟಿಲು ಕಾಣುತ್ತಿತ್ತು. ಆಗ ಬಾವಿ ಅನ್ನುವುದಕ್ಕಿಂತ ನೆಲದೊಳಗಿನ ಕಟ್ಟಡ ಅನಿಸಿತ್ತು. ಈಗ ಅರ್ಧ ಮೆಟ್ಟಿಲು ನೀರಿನಲ್ಲಿ. ಪಾಚಿ ಕಟ್ಟಿ ಹಸಿರಾಗಿತ್ತು, ಕುಡಿಯುವ ನೀರಲ್ಲ. ಕಾವಲಿನವನು ‘ಇಳೀಬ್ಯಾಡ್ರಿ ಅಮ್ಮಾರ, ಜಾರತೈತಿ’ ಅಂತ ಕೂಗಿದ. ಅತ್ತಿ ಅಷ್ಟರಲ್ಲಾಗಲೇ ಎರಡು ಮೆಟ್ಟಿಲು ಇಳಿದು ಕೂತಿದ್ದರು. ಚಿಕ್ಕವರಿದ್ದಾಗ ಲಕ್ಕುಂಡಿಯ ಜಾತ್ರೆಗೆ ಬಂದು ಇಂಥದ್ದೇ ಬಾವಿಯಲ್ಲಿ ಕಾಲು ತೊಳೆದಿದ್ದರಂತೆ. ಇದೋ, ಕನ್ನೆ ಬಾವಿಯೋ, ಅವರಿಗೆ ನೆನಪಿಲ್ಲ. ಕಾವಲಿನವನಿಗೂ ಅವರಿಗೂ ಮಾತು ಹತ್ತಿಕೊಂಡಿತು, ಈ ವರ್ಷದ ಹೆಸರಿನ ಬಗ್ಗೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಅವನ ಕಾಳು ಹೊಲದಲ್ಲೇ ಮೊಳಕೆ ಒಡೆದಿತ್ತಂತೆ. ಇಲ್ಲಿ ಮಳೆಯನ್ನು ಯಾರೂ ಸುಮ್ಮನೆ ಹೊಗಳುವುದಿಲ್ಲ. ಹೆಸರಿಗೆ ಬೇಡವಾದ ಮಳೆಯೇ ಜೋಳಕ್ಕೆ ಬೇಕು. ಅವನದು ಎರಡೂ ಇದೆ.

ಹೋಗುವವರಿಗೆ ಒಂದೆರಡು ಮಾತು. ಗುಡಿಗಳನ್ನೆಲ್ಲ ಮಧ್ಯಾಹ್ನದೊಳಗೆ ನೋಡಿ, ಮಳೆ ಬರುವ ಹೊತ್ತಿಗೆ ಯಾವುದಾದರೂ ಮಂಟಪದಲ್ಲಿರಿ. ಹಸಿ ಕಲ್ಲಿನ ಮೇಲೆ ಬರಿಗಾಲೇ ವಾಸಿ, ಚಪ್ಪಲಿ ಜಾರುತ್ತದೆ. ಎರಿ ಹೊಲದ ಬದುವಿಗೆ ಮಾತ್ರ ಫೋಟೊ ಆಸೆಗೆ ಇಳಿಯಬೇಡಿ. ನಾಲ್ಕು ಹೆಜ್ಜೆಗೆ ಒಂದೊಂದು ಕಾಲಿಗೆ ಒಂದೊಂದು ಸೇರು ಮಣ್ಣು ಮೆತ್ತಿರುತ್ತದೆ. ಸಿಡಿಲಿದ್ದಾಗ ಬಯಲಲ್ಲಿ ನಿಲ್ಲಲೇಬೇಡಿ, ಈ ತಿಂಗಳ ಮಳೆ ಬರೀ ನೀರಲ್ಲ.

ಸಂಜೆ ಗದಗಿಗೆ ವಾಪಸ್ ಬಂದು ಮಿರ್ಚಿ ಭಜಿ, ಗಿರ್ಮಿಟ್ಟು ತಿಂದೆವು. ಹುಬ್ಬಳ್ಳಿಯವರು ಗಿರ್ಮಿಟ್ಟು ನಮ್ಮದೇ ಅನ್ನುತ್ತಾರೆ. ಗದಗದಲ್ಲಿ ಹಸಿಮೆಣಸಿನಕಾಯಿಗೆ ಕೈ ಸ್ವಲ್ಪ ಧಾರಾಳ, ನನಗೆ ಅದೇ ಜಾಸ್ತಿ ಹಿಡಿಸಿತು. ವೀರೇಶ್ವರ ಪುಣ್ಯಾಶ್ರಮದ ಕಡೆ ಹೋದಾಗ ಒಳಗೆ ಯಾರೋ ಹಾಡಿಕೆ ಅಭ್ಯಾಸ ಮಾಡುತ್ತಿದ್ದರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತ ಕಲಿಸಿದ ಜಾಗ. ಪುಟ್ಟರಾಜರು ಹೋಗಿದ್ದೂ ಸೆಪ್ಟೆಂಬರ್‌ನಲ್ಲೇ, 2010ರಲ್ಲಿ. ಅವತ್ತಿನ ಜನಸಾಗರವನ್ನು ಮಾಮಾ ಈಗಲೂ ನೆನೆಸುತ್ತಾರೆ. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿ ಬಂದೆವು.

ಮಾಮಾನ ಮಾಳಿಗೆ ಹತ್ತಿದರೆ ಕಪ್ಪತಗುಡ್ಡದ ಸಾಲು ಕಾಣುತ್ತದೆ. ಬೇಸಿಗೆಯಲ್ಲಿ ಸುಟ್ಟು ಕರಕಲಾದಂತಿರುವ ಗುಡ್ಡ ಈಗ ಪೂರಾ ಹಸಿರು. ಮೇಲೆ ಗಾಳಿಯಂತ್ರಗಳು ನಿಂತಂತೆಯೇ ಇದ್ದವು. ‘ಫ್ಯಾನ್ ನಿಂತ್ರ ಮಳಿ ಬಂತು ಅಂತ ತಿಳೀರಿ’ ಅಂದರು ಮಾಮಾ. ಕೆಳಗೆ ಓಣಿಯಲ್ಲಿ ಮಗ್ಗದ ಸದ್ದು ನಡೆದೇ ಇತ್ತು.

ಈಗ ಅತ್ತಿಯ ತಲೆಯಲ್ಲಿ ಡಂಬಳ ಹೊಕ್ಕಿದೆ. ಅಲ್ಲಿನ ದೊಡ್ಡಬಸಪ್ಪನ ಗುಡಿ ಇಪ್ಪತ್ತನಾಲ್ಕು ಮೂಲೆಯ ನಕ್ಷತ್ರದ ಆಕಾರದ್ದು, ಅದನ್ನು ನಾನು ನೋಡಬೇಕು. ಅವರಿಗೆ ಬೇಕಾದದ್ದು ಊರ ಪಕ್ಕದ ದೊಡ್ಡ ಕೆರೆ. ಹಸ್ತಿ ಮಳೆಗೆ ಕೆರೆ ಕೋಡಿ ಬಿದ್ದರೆ ಅವತ್ತೇ ಫೋನ್ ಮಾಡಬೇಕು ಅಂತ ತಮ್ಮನಿಗೆ ಹೇಳಿ ಬಂದಿದ್ದಾರೆ. ಅಂಗಡಿ ಹುಡುಗನಿಗೂ ನಾನು ಈಗಲೇ ಹೇಳಿಟ್ಟಿದ್ದೇನೆ.