13ಕ್ಕೂ ಕೂರದ, 14ಕ್ಕೂ ನಿಲ್ಲದ ಬೋಲ್ಟು

13 ಎಂಎಂ ಪಾನಾ (ಸ್ಪ್ಯಾನರ್) ಬೋಲ್ಟಿನ ತಲೆಗೆ ಹೋಗಲೇ ಇಲ್ಲ. 14ರದು ಹೋಯಿತು, ಆದರೆ ತಿರುಗಿಸಿದರೆ ಸುಮ್ನೆ ಜಾರಿತು. ಬಳ್ಳಾರಿ ಕೌಲ್ ಬಜಾರಿನ ಮಿಸ್ತ್ರಿ ಚಾಚಾ ಎರಡನ್ನೂ ನೆಲಕ್ಕಿಟ್ಟು ನನ್ನ ಮುಖ ನೋಡಿದರು. "ಏನ್ ತಮ್ಮಾ, ಯಾವ ಪುಣ್ಯಾತ್ಮ ಮಾಡಿದ್ದು ಇದನ್ನ?"

ಕಾರು 1952ರ ಎಂಜಿ ಟಿಡಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದದ್ದು. ಎರಡೇ ಸೀಟು, ಬಿಚ್ಚಿ ಮಡಚುವ ಟಾಪು. ನಮ್ಮ ಸೋದರಮಾವ ಯಾವ ಕಾಲದಲ್ಲೋ ಮದ್ರಾಸಿನಿಂದ ತಂದು ನಾಲ್ಕು ದಿನ ಓಡಿಸಿದ್ದರಂತೆ. ಆಮೇಲೆ ಸಿರುಗುಪ್ಪದ ರೈಸ್ ಮಿಲ್ಲಿನ ಗೋದಾಮಿನಲ್ಲಿ ನಿಲ್ಲಿಸಿ, ಮೇಲೆ ಗೋಣಿಚೀಲ ಹೊದಿಸಿ ಮರೆತರು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಅಂದರೆ ಈ ಕಾರು ಹುಟ್ಟಿದಾಗ ನಮ್ಮೂರೂ ಮದ್ರಾಸಿನದೇ!

ತಗಡಿನ ಕೆಲಸ ಸುಲಭ ಇತ್ತು. ತಗಡಿನ ಒಳಗಿನ ಮರದ ಚೌಕಟ್ಟನ್ನು ಗೆದ್ದಲು ತಿಂದಿತ್ತು. ಬಾಗಿಲು, ಕಿಟಕಿ ಮಾಡುವ ಬಡಗಿಯೊಬ್ಬರು ಸಾಗುವಾನಿಯಲ್ಲಿ ಹೊಸದು ಕಟ್ಟಿಕೊಟ್ಟರು. ಟಾಪು ಹೊಲಿದದ್ದು ಜೀನ್ಸ್ ಹೊಲಿಯುವ ಟೈಲರ್. ಬಳ್ಳಾರಿಯಲ್ಲಿ ದಪ್ಪ ಬಟ್ಟೆಗೆ ಸೂಜಿ ಇಳಿಸುವವರಿಗೆ ಬರವೇ? ಅಳತೆ ತೆಗೆಯುವಾಗ "ಸೊಂಟ ಎಷ್ಟಿಡ್ಲಿ ಸಾರ್?" ಅಂತ ನಕ್ಕಿದ್ದರು.

ಸತಾಯಿಸಿದ್ದು ಇಂಜಿನ್ನಿನ ಈ ಬೋಲ್ಟುಗಳೇ. ಚಾಚಾ ಹೇಗೋ ಒಂದನ್ನು ಬಿಚ್ಚಿದರು. ಅಂಗಡಿಯಿಂದ 8 ಎಂಎಂ ನಟ್ಟು ತಂದು ಹಾಕಿದರೆ ಎರಡು ಸುತ್ತು ಹೋಗಿ ಹಿಡಿದುಕೊಂಡಿತು. ಇಂಚಿನ ನಟ್ಟೂ ಬರಲಿಲ್ಲ. ವಾರಗಟ್ಟಲೆ ಓದಿ, ಕೇಳಿ ತಿಳಿದುಕೊಂಡೆ. ಮೊದಲ ಮಹಾಯುದ್ಧದ ಕಾಲಕ್ಕೆ ಹಾಚ್ಕಿಸ್ ಎಂಬ ಫ್ರೆಂಚ್ ಬಂದೂಕು ಕಂಪನಿ ಕವೆಂಟ್ರಿಯಲ್ಲಿ ಕಾರ್ಖಾನೆ ಹಾಕಿತ್ತು. 1923ರಲ್ಲಿ ಅದನ್ನು ಇಂಗ್ಲೆಂಡಿನ ಕಾರು ತಯಾರಕ ಮಾರಿಸ್ ಕೊಂಡುಕೊಂಡ. ಎಂಜಿಯ ಇಂಜಿನ್ ಬರುತ್ತಿದ್ದದ್ದು ಅಲ್ಲಿಂದಲೇ. ಅಲ್ಲಿನ ಯಂತ್ರಗಳು ಕತ್ತರಿಸುತ್ತಿದ್ದದ್ದು ಮೆಟ್ರಿಕ್ ಮರೆ, ಅಂದರೆ ಎಂಎಂ ಲೆಕ್ಕದ ಬೋಲ್ಟಿನ ಸುತ್ತು. ಯಂತ್ರ ಬದಲಿಸುವುದು ಖರ್ಚಿನ ಬಾಬ್ತು. ಬ್ರಿಟಿಷ್ ಮೆಕ್ಯಾನಿಕ್‌ಗಳ ಹತ್ತಿರ ಇದ್ದದ್ದು ವಿಟ್‌ವರ್ತ್ ಎಂಬ ಇಂಚಿನ ಲೆಕ್ಕದ ಪಾನಾ. ಹಾಗಾಗಿ ಮರೆ ಫ್ರೆಂಚರದು, ತಲೆ ಇಂಗ್ಲಿಷರದು! ವಿಟ್‌ವರ್ತ್ ಲೆಕ್ಕದಲ್ಲಿ ಕಾಲು ಇಂಚು ಅನ್ನುವುದು ಬೋಲ್ಟಿನ ದಪ್ಪಕ್ಕೆ, ಅದರ ತಲೆ 13.3 ಎಂಎಂ ಇರುತ್ತದೆ. ನಮ್ಮ ಎರಡು ಪಾನಾಗಳೂ ಸೋತದ್ದು ಅದಕ್ಕೇ. ಮರೆ ಕೂಡ ಒಂದೊಂದು ಎಂಎಂ ಅಂತರದ್ದು, ಅಂಗಡಿಯ ಮಾಮೂಲಿ ನಟ್ಟಿನದು ಒಂದೂಕಾಲು.

ಪಾನಾ ಎಲ್ಲಿಂದ ತರೋದು? ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದೆ, ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಮಾವನ ಮಿಲ್ಲಿನಲ್ಲೇ. ಕರೆಂಟು ಬರುವ ಮುಂಚೆ ಅಲ್ಲೊಂದು ಇಂಗ್ಲೆಂಡಿನ ಆಯಿಲ್ ಇಂಜಿನ್ ಇತ್ತಂತೆ. ಇಂಜಿನ್ ಯಾವಾಗಲೋ ಗುಜರಿಗೆ ಹೋಗಿತ್ತು, ಅದರ ಪಾನಾ ಪೆಟ್ಟಿಗೆ ಉಳಿದಿತ್ತು. ಕಾರಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಹೊಟ್ಟಿನ ಧೂಳಿನಡಿ. ಚಾಚಾ ಬೋಲ್ಟಿಗೆ ಅದನ್ನು ಕೂರಿಸಿದಾಗ "ಟಕ್" ಅಂತ ಸಣ್ಣ ಸದ್ದು ಬಂತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಜನವರಿಯ ಒಂದು ಭಾನುವಾರ ಕುರುಗೋಡಿಗೆ ಹೊರಟೆವು. ಬೆಳಗ್ಗೆ ಆರೂವರೆ, ಕೋಟೆ ಗುಡ್ಡದ ಮೇಲೆ ಇನ್ನೂ ಮಂಜು. ಗುಂಡಿ ಎಳೆದರೆ ಸ್ಟಾರ್ಟ್. 1250 ಸಿಸಿ ಅಷ್ಟೇ, ಆದರೆ ಸದ್ದು ಕೇಳಿದರೆ ದೊಡ್ಡವರ ಮನೆಯದು ಅನಿಸುತ್ತದೆ. ಬಾಗಿಲು ಎಷ್ಟು ತಗ್ಗು ಅಂದರೆ ಮೊಣಕೈ ತಾನಾಗಿ ಹೊರಗೆ ಬರುತ್ತದೆ. ಮುಂದಿನ ಗಾಜನ್ನು ಬಾನೆಟ್ ಕಡೆ ಮಲಗಿಸಿದೆವು. ಗಾಳಿ ನೇರ ಮುಖಕ್ಕೆ, ಅದರ ಜೊತೆಗೆ ಒಣ ಹಾಕಿದ್ದ ಮೆಣಸಿನಕಾಯಿ ಘಾಟು. ಕಣ್ಣಲ್ಲಿ ನೀರು. ಮೀಟರು 40 ತೋರಿಸುತ್ತಿತ್ತು. "ಇಷ್ಟೇನಾ?" ಅಂದರು ಚಾಚಾ. ಅದು ಮೈಲಿ, ಕಿಲೋಮೀಟರಿನಲ್ಲಿ 64 ಅಂದೆ. ಅವರು ಸೀಟಿನ ಅಂಚು ಹಿಡಿದುಕೊಂಡರು.

ಕಾಲುವೆ ದಾಟಿದ ಮೇಲೆ ಗಾಡಿ ಕೆಮ್ಮಿತು, ನಿಂತಿತು.

ಈ ಕಾರಿಗೆ ಪೆಟ್ರೋಲ್ ಮುಳ್ಳು ಇಲ್ಲ. ಬೇಲಿಯ ಜಾಲಿ ಕಡ್ಡಿ ಮುರಿದು ಹಿಂದಿನ ಟ್ಯಾಂಕಿಗೆ ಇಳಿಸಿದೆ. ಅರ್ಧ ಇದೆ. ಅಷ್ಟರಲ್ಲಿ ಟ್ರ್ಯಾಕ್ಟರಿನವರು ನಿಲ್ಲಿಸಿ, "ದಬ್ಬಬೇಕೇನ್ರಿ?" ಅಂದರು. ಚಾಚಾ ಕೈ ಎತ್ತಿ ಸುಮ್ಮನಿರಿಸಿದರು. ಕೀ ತಿರುಗಿಸು ಅಂದರು. ಬಾನೆಟ್ ಒಳಗೆ ಕಿವಿಯಿಟ್ಟರು. ಪೆಟ್ರೋಲ್ ಎಳೆಯುವ ಎಸ್‌ಯು ಪಂಪು ಕೀ ತಿರುಗಿಸಿದೊಡನೆ ಟಿಕ್ ಟಿಕ್ ಟಿಕ್ ಅನ್ನಬೇಕು, ಕಾರ್ಬುರೇಟರ್ ತುಂಬಿದ ಮೇಲೆ ನಿಧಾನವಾಗಬೇಕು. ಈಗ ಉಸಿರೇ ಇಲ್ಲ. ಒಳಗಿನ ಕರೆಂಟಿನ ಪಾಯಿಂಟುಗಳು ಕಪ್ಪುಗಟ್ಟಿದರೆ ಹೀಗೇ ಆಗುತ್ತದೆ.

ಚಾಚಾ ಅಂಗಿ ಜೇಬಿನಿಂದ ಅದೇ ಪಾನಾ ತೆಗೆದರು. ಪಂಪಿನ ತಲೆಗೆ ಮೆಲ್ಲಗೆ ಎರಡು ಬಾರಿಸಿದರು. ಹಠ ಮಾಡುವ ಹುಡುಗನಿಗೆ ಬಾರಿಸಿದ ಹಾಗೆ. ಟಿಕ್... ಟಿಕ್ ಟಿಕ್ ಟಿಕ್. ಟ್ರ್ಯಾಕ್ಟರಿನ ಹುಡುಗರು ಸಿಳ್ಳೆ ಹಾಕಿದರು.

ಕುರುಗೋಡಿನಲ್ಲಿ ದೊಡ್ಡ ಬಸವಣ್ಣನಿಗೆ ಕೈ ಮುಗಿದು, ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಕಾರಿನ ಸುತ್ತ ಜನ ಸೇರಿದ್ದರು. "ಸಿನಿಮಾದೋರಾ?" ಅಂತ ಒಬ್ಬಜ್ಜಿ ಕೇಳಿದರು. ವಾಪಸ್ ಬರುವಾಗ ಇನ್ನೊಂದು ಸಲ ಬಾರಿಸಬೇಕಾಯಿತು.

ಪಾಯಿಂಟುಗಳನ್ನು ಆಮೇಲೆ ಬದಲಿಸಿದೆವು. ಪಾನಾ ಮಾತ್ರ ಚಾಚಾ ಅಂಗಡಿಯ ಗೋಡೆಯಲ್ಲಿ ತೂಗುತ್ತಿದೆ. ಮಾವನದು, ಕೊಡ್ರಿ ಅಂದರೆ, "ಕಾರ್ ನಿಂದು, ಪಾನಾ ನಂದು, ಬೇಕಾದಾಗ ಬಾ" ಅನ್ನುತ್ತಾರೆ.